ಸುವರ್ಣಗಿರಿಯೂ ಮಸ್ಕಿಯೂ: ಗಣಿಯ ಊರನ್ನು ಓದುವ ಬಗೆ

ನಮ್ಮ ಕಾಲೇಜುಗಳ ಚರಿತ್ರೆಯ ತರಗತಿಗಳಲ್ಲಿ ಮಸ್ಕಿಯ ಹೆಸರು ಎರಡು ಸಂದರ್ಭಗಳಲ್ಲಿ ಬರುತ್ತದೆ. ‘ಅಶೋಕ’ ಎಂಬ ಹೆಸರನ್ನೇ ಹೊತ್ತ ಶಾಸನ ಅಲ್ಲಿ ದೊರೆಯಿತೆಂಬುದು ಒಂದು. ಮೌರ್ಯರ ದಕ್ಷಿಣ ಪ್ರಾಂತದ ರಾಜಧಾನಿಯಾದ ಸುವರ್ಣಗಿರಿ ಅದೇ ಆಗಿರಬೇಕೆಂಬುದು ಇನ್ನೊಂದು. ಮೊದಲನೆಯದು ಸಂಗತಿ, ಎರಡನೆಯದು ಊಹೆ. ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳಲ್ಲಿ ಮಾತ್ರ ಎರಡೂ ಒಂದೇ ಸಾಲಿನಲ್ಲಿ, ಒಂದೇ ಬಗೆಯ ನಿಶ್ಚಯದಿಂದ ಕುಳಿತಿರುವುದನ್ನು ನಾವು ಮೇಲಿಂದ ಮೇಲೆ ಕಾಣುತ್ತೇವೆ. ಈ ಊಹೆಯ ಹಿಂದಿರುವ ತರ್ಕವನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಸುವರ್ಣಗಿರಿ ಎಲ್ಲಿತ್ತೆಂದು ಗೊತ್ತುಮಾಡಿಕೊಡುವ ಹಂಬಲ ನಮಗಿಲ್ಲ. ಅದನ್ನು ಹುಡುಕುವ ದಾರಿಯಲ್ಲಿ ಒಂದು ಗಣಿಯ ಊರಿಗೆ ಆಗಿರುವ ಅನ್ಯಾಯದ ಕಡೆಗೆ ವಾಚಕರ ಗಮನ ಸೆಳೆಯಬೇಕೆಂಬುದಷ್ಟೇ ನಮ್ಮ ಆಶಯ.

ಮೊದಲ ಸಂಗತಿಗೇ ಒಂದು ತಿದ್ದುಪಡಿ ಬೇಕಾಗಿದೆ. ೧೯೧೫ರ ಜನವರಿಯಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರು ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಈ ಬರಹವನ್ನು ಕಂಡನು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ, ಹೈದರಾಬಾದ್ ಪ್ರಾಕ್ತನ ಗ್ರಂಥಮಾಲೆಯ ಮೊದಲನೆಯ ಸಂಖ್ಯೆಯಾಗಿ ಪ್ರಕಟಿಸಿದರು. ೧೮೩೭ರಲ್ಲಿ ಪ್ರಿನ್ಸೆಪ್ ಬ್ರಾಹ್ಮೀಲಿಪಿಯನ್ನು ಓದಿದ ಮೇಲೆ, ಶಾಸನಗಳ ‘ಪ್ರಿಯದರ್ಶಿ’ ಯಾರೆಂಬ ಪ್ರಶ್ನೆಗೆ ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಅಶೋಕನೆಂಬ ಉತ್ತರ ದೊರೆತಿತ್ತು. ಮಸ್ಕಿಯ ಬಂಡೆ ಆ ಉತ್ತರವನ್ನು ಕಲ್ಲಿನಲ್ಲಿಯೇ ತೋರಿಸಿ ಸಂಶಯವನ್ನು ಮುಗಿಸಿತು. ಇದು ದೊಡ್ಡ ಗೌರವವೇ ಸರಿ. ಆದರೆ ಅಶೋಕನ ಹೆಸರಿರುವ ಶಾಸನ ಮಸ್ಕಿಯದೊಂದೇ ಎಂಬ ಮಾತು ಈಗ ಸಲ್ಲುವುದಿಲ್ಲ. ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ನಮ್ಮ ಬಳ್ಳಾರಿಯ ಸೀಮೆಯ ನಿಟ್ಟೂರು ಮತ್ತು ಉದೇಗೋಳಗಳಲ್ಲಿಯೂ ಆ ಹೆಸರು ದೊರೆತಿದೆ. ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ಅರಸನ ಚಿತ್ರದ ಕೆಳಗೇ ಅವನ ಹೆಸರನ್ನು ಕೆತ್ತಿದ್ದಾರೆ. ಮಸ್ಕಿಗೆ ಸಲ್ಲುವುದು ಮೊದಲಿಗತನ, ಏಕಮಾತ್ರತೆಯಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಬೀಡನ್ ಮಸ್ಕಿಯ ಗುಡ್ಡವನ್ನು ಹತ್ತಿದ್ದು ಅಶೋಕನನ್ನು ಅರಸಿಕೊಂಡಲ್ಲ, ಚಿನ್ನವನ್ನು ಅರಸಿಕೊಂಡು. ೧೯೨೯ರಲ್ಲಿ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನಗಳನ್ನು ಕಂಡವರೂ ಭೂವಿಜ್ಞಾನಿಯೊಬ್ಬರೇ. ಅಶೋಕನ ದಕ್ಷಿಣದ ಶಾಸನಗಳಿಗೂ ಚಿನ್ನದ ನೆಲಕ್ಕೂ ನಂಟಿದೆಯೆಂದು ಹೇಳುವವರು ಈ ಎರಡು ಶೋಧಗಳನ್ನು ಉದಾಹರಿಸುವುದುಂಟು. ಆ ನಂಟು ಇರಬಹುದು. ಆದರೆ ಖನಿಜವನ್ನು ಹುಡುಕುವವನು ಖನಿಜವಿರುವಲ್ಲಿಗೇ ಹೋಗುತ್ತಾನೆ, ಆದುದರಿಂದ ಅವನು ಕಾಣುವ ಶಾಸನವೂ ಅಲ್ಲಿಯದೇ ಆಗಿರುತ್ತದೆ ಎಂಬುದನ್ನು ನಾವು ಮರೆಯಬಾರದು. ದನಗಾಹಿಯೊಬ್ಬ ಕಂಡು ಹೇಳಿದ ಶಾಸನದಿಂದ ಅಶೋಕನಿಗೆ ಹುಲ್ಲುಗಾವಲಿನ ಮೇಲೆ ಪ್ರೀತಿಯಿತ್ತೆಂದು ಯಾರೂ ವಾದಿಸಿಲ್ಲವಷ್ಟೆ.

ಸುವರ್ಣಗಿರಿಯ ಪ್ರಶ್ನೆ ಹುಟ್ಟಿದುದು ಮಸ್ಕಿಯಲ್ಲಿ ಅಲ್ಲ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದರು. ಈ ಮೂರು ಪ್ರತಿಗಳ ಆರಂಭದಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕುಶಲವನ್ನು ಕೇಳಿ ಆಜ್ಞೆಯನ್ನು ತಿಳಿಸುವ ಪೀಠಿಕೆಯೊಂದಿದೆ. ಇಸಿಲ ಬ್ರಹ್ಮಗಿರಿಯ ಪರಿಸರದ್ದೆಂಬುದರಲ್ಲಿ ಹೆಚ್ಚು ವಿವಾದವಿಲ್ಲ. ಆ ಪದ ಕನ್ನಡದ್ದೇ ಎಂದು ಡಿ. ಎಲ್. ನರಸಿಂಹಾಚಾರ್ಯರು ವಾದಿಸಿದುದು ಭಾಷಾಭ್ಯಾಸಿಗಳಿಗೆಲ್ಲ ತಿಳಿದಿದೆ. ಆಜ್ಞೆಯನ್ನು ಪಡೆದ ಊರು ಹೀಗೆ ನೆಲೆ ಕಂಡಿತು. ಕಳುಹಿಸಿದ ಊರು ಇನ್ನೂ ಅಲೆಯುತ್ತಿದೆ.

ಅದನ್ನು ನಿಲ್ಲಿಸಲು ವಿದ್ವಾಂಸರು ಮುಖ್ಯವಾಗಿ ಮೂರು ಎಡೆಗಳನ್ನು ಸೂಚಿಸಿದ್ದಾರೆ. ಮಸ್ಕಿ ಒಂದು. ಅದರ ದಕ್ಷಿಣಕ್ಕಿರುವ, ಈಗಿನ ಕೊಪ್ಪಳ ಜಿಲ್ಲೆಯ ಕನಕಗಿರಿ ಇನ್ನೊಂದು. ೧೯೨೫ರಲ್ಲಿ ಹೊರಬಂದ ಹುಲ್ಟ್ಜ್ ಅವರ ಅಶೋಕ ಶಾಸನಗಳ ಸಂಪುಟ ಒಲವು ತೋರಿದುದು ಇದರ ಕಡೆಗೆ. ಎರ್ರಗುಡಿಯ ಬಳಿಯ ಜೊನ್ನಗಿರಿ ಮೂರನೆಯದು. ಕನಕಗಿರಿಯ ಪಕ್ಷದಲ್ಲಿರುವುದು ಅರ್ಥಸಾಮ್ಯ, ಜೊನ್ನಗಿರಿಯ ಪಕ್ಷದಲ್ಲಿರುವುದು ಧ್ವನಿಸಾಮ್ಯ. ಅರ್ಥಸಾಮ್ಯವನ್ನು ನಂಬುವುದಾದರೆ ಹೆಸರು ಅನುವಾದಗೊಂಡಿತೆಂದು ಒಪ್ಪಬೇಕು. ದೇವಾಲಯದ ಮಹಿಮೆಯಿಂದ ‘ಕನಕಾಚಲ’ ಎಂಬಂಥ ಹೆಸರುಗಳು ಎಲ್ಲ ಕಾಲದಲ್ಲಿಯೂ ಹುಟ್ಟುತ್ತವೆ. ಧ್ವನಿಸಾಮ್ಯದ ವಿಷಯದಲ್ಲಿ ಹೇಳುವುದಾದರೆ, ತೆಲುಗಿನಲ್ಲಿ ‘ಜೊನ್ನ’ ಎಂದರೆ ಜೋಳ. ಜೋಳ ಬೆಳೆಯುವ ಸೀಮೆಯ ಗುಡ್ಡಕ್ಕೆ ಆ ಹೆಸರು ಬರಲು ಪ್ರಾಕೃತದ ‘ಸೊಣ್ಣ’ದ ಸಹಾಯ ಅಗತ್ಯವೆಂದು ತೋರುವುದಿಲ್ಲ.

ಮಸ್ಕಿಯ ಪಕ್ಷಕ್ಕೆ ಈ ಎರಡೂ ಆಸರೆಗಳಿಲ್ಲ. ಹನ್ನೊಂದನೆಯ ಶತಮಾನದ ಶಾಸನಗಳಲ್ಲಿ ಅದರ ಹೆಸರು ಪಿರಿಯ ಮೊಸಂಗಿ. ರಾಜೇಂದ್ರ ಚೋಳನು ಚಾಲುಕ್ಯ ಜಯಸಿಂಹನೊಡನೆ ಹೋರಾಡಿದ ಮುಶಂಗಿ ಇದೇ ಎಂದು ಬಹುಮಂದಿ ಒಪ್ಪುತ್ತಾರೆ. ಈ ಹೆಸರಿನಲ್ಲಿ ಚಿನ್ನವೂ ಇಲ್ಲ, ಗಿರಿಯೂ ಇಲ್ಲ. ಹಾಗಿದ್ದರೂ ಮಸ್ಕಿಯನ್ನು ಸುವರ್ಣಗಿರಿಯೆನ್ನಲು ಇರುವ ಆಧಾರಗಳು ಎರಡೇ: ಅಲ್ಲಿ ಅಶೋಕನ ಶಾಸನವಿದೆ, ಅದರ ಸುತ್ತಣ ನೆಲದಲ್ಲಿ ಪ್ರಾಚೀನ ಚಿನ್ನದ ಗಣಿಗಳಿವೆ.

ಶಾಸನವಿರುವುದು ಹೆಚ್ಚನ್ನು ಸಾಧಿಸುವುದಿಲ್ಲ. ೧೯೩೧ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳು ಬೆಳಕಿಗೆ ಬಂದ ಮೇಲೆ, ಈ ಭಾಗದಲ್ಲಿ ಅಶೋಕನ ಶಾಸನಗಳು ಒಂದರಿಂದೊಂದು ಅನತಿದೂರದಲ್ಲಿ ಹರಡಿಕೊಂಡಿವೆಯೆಂಬುದು ಸ್ಪಷ್ಟವಾಯಿತು. ಸುವರ್ಣಗಿರಿಯ ಪೀಠಿಕೆ ಮಸ್ಕಿಯ ಪ್ರತಿಯಲ್ಲಿಲ್ಲ. ಅದು ಸುವರ್ಣಗಿರಿಯೇ ಆದುದರಿಂದ ಆ ಪೀಠಿಕೆ ಅಲ್ಲಿ ಬೇಕಾಗಲಿಲ್ಲವೆಂದು ಕೆಲವರು ಚಮತ್ಕಾರವಾಗಿ ಹೇಳಬಹುದು. ಆದರೆ ಗವಿಮಠದಲ್ಲಿಯೂ ಆ ಪೀಠಿಕೆಯಿಲ್ಲ, ಎರ್ರಗುಡಿಯಲ್ಲಿಯೂ ಇಲ್ಲ. ಎಲ್ಲರೂ ಮೌನವಾಗಿರುವಾಗ ಒಬ್ಬನ ಮೌನಕ್ಕೆ ವಿಶೇಷ ಅರ್ಥವನ್ನು ಹಚ್ಚುವುದು ನ್ಯಾಯವಲ್ಲ.

ಆದುದರಿಂದ ವಾದದ ಭಾರವೆಲ್ಲ ಚಿನ್ನದ ಮೇಲೆಯೇ ಬೀಳುತ್ತದೆ. ಚಿನ್ನವನ್ನು ತೆಗೆದ ಊರು, ಚಿನ್ನದ ಹೆಸರಿನ ಊರು, ಆರ್ಯಪುತ್ರನು ಕುಳಿತು ಆಳಿದ ಊರು, ಈ ಮೂರೂ ಒಂದೇ ಆಗಿರಬೇಕೆಂಬ ನಂಬಿಕೆ ವಾದದ ತಳದಲ್ಲಿದೆ. ಈ ನಂಬಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ಅದನ್ನು ಪರೀಕ್ಷಿಸಿದವರೂ ಕಡಮೆ. ಅಶೋಕನ ಕಾಲದ ಗಣಿಯ ಊರುಗಳ ಆಡಳಿತವನ್ನು ನಾವು ಕಣ್ಣಾರೆ ಕಾಣಲಾರೆವು. ಆದರೆ ನಮ್ಮ ಕಾಲಕ್ಕೆ ಹತ್ತಿರದ ಗಣಿಯ ಊರುಗಳ ಹುಟ್ಟು, ಏಳಿಗೆ, ಇಳಿಗಾಲಗಳ ದಾಖಲೆ ನಮಗುಂಟು. ಅವುಗಳಲ್ಲಿ ಹೆಸರು, ಗಣಿ, ಅಧಿಕಾರ ಒಂದೆಡೆ ಕೂಡಿದ್ದುವೆ ಎಂದು ಕೇಳಿ ನೋಡಬಹುದು.

ನಮ್ಮ ನಾಡಿನ ಕೋಲಾರವನ್ನೇ ಮೊದಲು ತೆಗೆದುಕೊಳ್ಳೋಣ. ೧೮೮೦ರಿಂದ ಜಾನ್ ಟೇಲರ್ ಕಂಪನಿಯವರು ನಡೆಸಿದ, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ಪಡೆದ, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ, ೨೦೦೧ರಲ್ಲಿ ಮುಚ್ಚಿದ ಆ ಗಣಿಗಳನ್ನು ಲೋಕವೆಲ್ಲ ‘ಕೋಲಾರದ ಚಿನ್ನದ ಗಣಿ’ಯೆಂದೇ ಕರೆಯಿತು. ಆದರೆ ಗಣಿಗಳಿದ್ದುದು ಕೋಲಾರದಲ್ಲಿ ಅಲ್ಲ. ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರು ದೂರದ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂಗಳಲ್ಲಿ. ಕೋಲಾರ ಜಿಲ್ಲೆಯ ಮುಖ್ಯಸ್ಥಳವಾದುದರಿಂದ ಹೆಸರನ್ನು ಕೊಟ್ಟಿತು. ಎರಡು ಸಾವಿರ ವರ್ಷಗಳ ತರುವಾಯ ಒಬ್ಬ ಶಾಸನತಜ್ಞನಿಗೆ ‘ಕೋಲಾರದ ಚಿನ್ನ’ ಎಂಬ ಎರಡು ಪದಗಳು ಮಾತ್ರ ದೊರೆತರೆ ಅವನು ಅಂತರಗಂಗೆಯ ಬೆಟ್ಟದಲ್ಲಿ ಗಣಿಯನ್ನು ಹುಡುಕಿಯಾನು. ಇಲ್ಲವೆ, ಗಣಿಯ ಗುಂಡಿಗಳನ್ನು ಮೊದಲು ಕಂಡರೆ, ಮಾರಿಕುಪ್ಪವೇ ಜಿಲ್ಲೆಯ ರಾಜಧಾನಿಯೆಂದು ಸಾಧಿಸಿಯಾನು. ಎರಡನೆಯ ದಾರಿಯನ್ನೇ ಮಸ್ಕಿಯ ಪಕ್ಷದವರು ಹಿಡಿದಿರುವುದು.

ಇನ್ನು ಕಲ್ಲಿದ್ದಲಿನ ಊರುಗಳು. ಇವುಗಳ ಕಥೆ ಚಿನ್ನದ ಊರುಗಳ ಕಥೆಗಿಂತ ನಮಗೆ ಹೆಚ್ಚು ಉಪಯುಕ್ತ. ಕಾರಣ, ಗಣಿಯ ಊರು ನೆರೆಯ ಊರಿನಲ್ಲಿ ಕರಗಿಹೋಗುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಗೆ ಕಾಣಬಹುದು. ಬಂಗಾಳದ ರಾಣಿಗಂಜ್ ನಮ್ಮ ದೇಶದ ಕಲ್ಲಿದ್ದಲ ಗಣಿಗಾರಿಕೆಯ ತವರು. ೧೭೭೪ರಲ್ಲಿ ಆ ಸೀಮೆಯಲ್ಲಿ ಕೆಲಸ ಮೊದಲಾಯಿತು. ೧೮೫೫ರಲ್ಲಿ ಹೌರಾದಿಂದ ಹೊರಟ ರೈಲು ಕಲ್ಲಿದ್ದಲಿಗಾಗಿಯೇ ಅಲ್ಲಿಯವರೆಗೆ ಬಂದಿತು. ರೈಲು ಅಲ್ಲಿ ನಿಲ್ಲಲಿಲ್ಲ, ಮುಂದೆ ಸಾಗಿತು. ಮುಂದಿನ ಆಸನಸೋಲ್ ದೊಡ್ಡ ಜಂಕ್ಷನ್ ಆಯಿತು. ಕಾರ್ಯಾಗಾರ, ಕಚೇರಿ, ಕೋರ್ಟು, ಪೇಟೆ ಎಲ್ಲವೂ ಜಂಕ್ಷನ್ನಿನ ಸುತ್ತ ಬೆಳೆದುವು. ೧೮೭೬ರಷ್ಟು ಹಿಂದೆಯೇ ಪುರಸಭೆಯನ್ನು ಪಡೆದಿದ್ದ ರಾಣಿಗಂಜ್, ೨೦೧೫ರಲ್ಲಿ ಜಾಮುರಿಯಾ ಮತ್ತು ಕುಲ್ಟಿಗಳೊಡನೆ ಆಸನಸೋಲಿನ ನಗರಪಾಲಿಕೆಯಲ್ಲಿ ಸೇರಿಹೋಯಿತು. ೨೦೧೭ರಲ್ಲಿ ಹೊಸ ಜಿಲ್ಲೆಯಾದಾಗ ಮುಖ್ಯಸ್ಥಳವಾದುದೂ ಆಸನಸೋಲೇ. ಆದರೆ ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಕ್ಷೇತ್ರದ ಹೆಸರು ಇಂದಿಗೂ ರಾಣಿಗಂಜ್. ಕಲ್ಲಿದ್ದಲ ಪದರಗಳ ಒಂದು ಶ್ರೇಣಿಗೂ ಅದೇ ಹೆಸರು. ಊರು ಅಧಿಕಾರವನ್ನು ಕಳೆದುಕೊಂಡಿತು, ಕಲ್ಲು ಹೆಸರನ್ನು ಉಳಿಸಿಕೊಂಡಿತು. ಝಾರ್ಖಂಡದ ಝರಿಯಾ ಕೂಡ ಇದೇ ದಾರಿಯಲ್ಲಿ ನಡೆದು ೨೦೦೬ರಲ್ಲಿ ಧನಬಾದಿನ ಪಾಲಿಕೆಯ ಭಾಗವಾಯಿತು.

ಸಿಂಗರೇಣಿಯ ಉದಾಹರಣೆ ಇನ್ನೂ ಮಾರ್ಮಿಕವಾದುದು. ಮಸ್ಕಿಯ ನೆಲಕ್ಕೂ ಅದಕ್ಕೂ ನೇರವಾದ ಸಂಬಂಧವುಂಟು. ೧೮೭೧ರಲ್ಲಿ ಭೂವಿಜ್ಞಾನ ಇಲಾಖೆಯ ಡಾ. ಕಿಂಗ್ ಅವರು ನಿಜಾಮರ ಸಂಸ್ಥಾನದ ಎಲ್ಲಂದುವಿನ ಬಳಿ ಕಲ್ಲಿದ್ದಲನ್ನು ಕಂಡರು. ೧೮೮೬ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹೈದರಾಬಾದ್ ಡೆಕ್ಕನ್ ಕಂಪನಿ ಸಂಸ್ಥಾನದ ಖನಿಜಗಳ ಹಕ್ಕನ್ನು ಪಡೆಯಿತು. ಈ ಹಕ್ಕಿನ ವ್ಯವಹಾರದಲ್ಲಿ ನಡೆದ ಅಕ್ರಮಗಳನ್ನು ೧೮೮೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಿಸಬೇಕಾಯಿತೆಂಬುದು ಬೇರೆ ಮಾತು. ಒಂದು ಕೈಯಲ್ಲಿ ಎಲ್ಲಂದುವಿನ ಕಲ್ಲಿದ್ದಲು, ಇನ್ನೊಂದು ಕೈಯಲ್ಲಿ ರಾಯಚೂರು ದೋಅಬದ ಚಿನ್ನ, ಹೀಗೆ ಎರಡನ್ನೂ ಹಿಡಿದುದು ಈ ಒಂದೇ ಕಂಪನಿ. ಕಲ್ಲಿದ್ದಲನ್ನು ತೆಗೆದುದು ಎಲ್ಲಂದುವಿನಲ್ಲಿ. ಆದರೆ ಹೆಸರು ಬಂದುದು ನೆರೆಯ ಸಿಂಗರೇಣಿ ಎಂಬ ಹಳ್ಳಿಯಿಂದ. ಕಂಪನಿಯ ಪ್ರಧಾನ ಕಚೇರಿ ಇಂದು ಇರುವುದು ಇವೆರಡರಲ್ಲಿಯೂ ಅಲ್ಲ, ಕೊತ್ತಗೂಡೆಮ್ಮಿನಲ್ಲಿ. ಹೆಸರಿಗೊಂದು ಊರು, ಅದಿರಿಗೊಂದು ಊರು, ಆಡಳಿತಕ್ಕೊಂದು ಊರು. ನಮ್ಮ ತಲೆಮಾರಿನಲ್ಲಿಯೇ ಹೀಗಿರುವಾಗ, ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಊರೊಂದರಲ್ಲಿ ಮೂರೂ ಕೂಡಿದ್ದುವೆಂದು ಸಾಧನೆಯಿಲ್ಲದೆ ಹೇಳುವುದಕ್ಕೆ ಬಹಳ ಧೈರ್ಯ ಬೇಕು.

ಹೊಗೆಬಂಡಿಯ ಕಾಲದ ಊರುಗಳನ್ನು ಮೌರ್ಯರ ಕಾಲದ ಊರಿಗೆ ಹೋಲಿಸುವುದು ಸರಿಯೇ ಎಂದು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಹೋಲಿಕೆಯಿಂದ ಏನನ್ನೂ ಸಾಧಿಸಲಾಗದು; ಆದರೆ ‘ಹೀಗೆಯೇ ಇರಬೇಕು’ ಎಂಬ ಮಾತನ್ನು ಸಡಿಲಿಸಲು ಅಷ್ಟು ಸಾಕು. ಅಲ್ಲದೆ ಅಶೋಕನ ಕಾಲದಿಂದಲೇ ಸಾಕ್ಷ್ಯ ಬೇಕೆನ್ನುವವರಿಗೆ ಅವನ ಶಾಸನಗಳಲ್ಲಿಯೇ ಉತ್ತರವಿದೆ. ಸುವರ್ಣಗಿರಿಯಂತೆ ಅರಸುಮಕ್ಕಳು ಕುಳಿತು ಆಳಿದ ಇನ್ನು ಮೂರು ಊರುಗಳು ಅವುಗಳಲ್ಲಿ ಕಾಣುತ್ತವೆ: ತಕ್ಷಶಿಲೆ, ಉಜ್ಜಯಿನಿ, ತೋಸಲಿ. ತಕ್ಷಶಿಲೆ ವಾಯವ್ಯದ ಹೆದ್ದಾರಿಯ ಮೇಲಿನ ನಗರ; ಉಜ್ಜಯಿನಿ ಉತ್ತರಾಪಥದಿಂದ ಪಶ್ಚಿಮದ ಬಂದರುಗಳಿಗೆ ಇಳಿಯುವ ದಾರಿಯ ನಗರ; ತೋಸಲಿ ಕಳಿಂಗದ ಬತ್ತದ ಬಯಲಿನದು. ಇವುಗಳಲ್ಲಿ ಒಂದೂ ಗಣಿಯ ಬಾಯಿಯಲ್ಲಿ ಕುಳಿತಿಲ್ಲ. ದಾರಿ, ಧಾನ್ಯ, ನೀರು ಇವುಗಳನ್ನು ನೋಡಿ ಅರಸನು ಪೀಠವನ್ನು ಹಾಕುತ್ತಾನೆ. ಅದಿರು ಇರುವಲ್ಲಿಗೆ ಅಧಿಕಾರಿಯನ್ನು ಕಳುಹಿಸುತ್ತಾನೆ. ಕೌಟಿಲ್ಯನ ಅರ್ಥಶಾಸ್ತ್ರದ ಕಾಲನಿರ್ಣಯ ಹೇಗೇ ಇರಲಿ, ಅದರಲ್ಲಿ ಗಣಿಗಳಿಗೆ ಆಕರಾಧ್ಯಕ್ಷನೆಂಬ ಪ್ರತ್ಯೇಕ ಅಧಿಕಾರಿ ಹೇಳಿದೆ; ಹೆಚ್ಚು ವೆಚ್ಚ ಬೀಳುವ ಗಣಿಗಳನ್ನು ಪಾಲಿಗೋ ಗುತ್ತಿಗೆಗೋ ಬಿಟ್ಟು, ಸುಲಭವಾದುವನ್ನು ಅರಸನೇ ನಡೆಸಬೇಕೆಂಬ ವಿಧಿಯೂ ಇದೆ. ಗಣಿಯಲ್ಲಿಯೇ ರಾಜಪುತ್ರನು ವಾಸಮಾಡುವ ಕಲ್ಪನೆಗೆ ಅಲ್ಲಿ ಎಡೆಯಿಲ್ಲ.

ದೂರದ ಉದಾಹರಣೆಗಳೇಕೆ? ಮಸ್ಕಿಯ ಸುತ್ತಣ ನೆಲವೇ ಈ ಪಾಠವನ್ನು ಹೇಳುತ್ತಿದೆ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಭಾಗದಲ್ಲಿ ಚಿನ್ನ ಬೀಳುವ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಪಟ್ಟಿಯೆಂದು ಕರೆಯುತ್ತಾರೆ. ಇಂದು ಚಿನ್ನವನ್ನು ತೆಗೆಯುತ್ತಿರುವುದು ಲಿಂಗಸುಗೂರಿಗೆ ಪೂರ್ವದ ಹಟ್ಟಿಯಲ್ಲಿ. ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿ ಅದೇ. ಹಟ್ಟಿಯ ಅಧಿಕಾರಪೀಠ ಎಲ್ಲಿತ್ತು? ನಿಜಾಮರ ಕಾಲದಲ್ಲಿ ಲಿಂಗಸುಗೂರಿನಲ್ಲಿ. ದಂಡಿನ ಛಾವಣಿಯಿದ್ದ ಆ ಊರು ಒಂದು ಜಿಲ್ಲೆಯ ಮುಖ್ಯಸ್ಥಳವೇ ಆಗಿತ್ತು. ೧೯೦೫ರಲ್ಲಿ ಆ ಜಿಲ್ಲೆಯನ್ನು ಮುರಿದು ರಾಯಚೂರಿಗೆ ಸೇರಿಸಿದರು. ಧಾನ್ಯ ಎಲ್ಲಿದೆ? ತುಂಗಭದ್ರೆಯ ಎಡದಂಡೆಯ ನಾಲೆ ಬಂದ ಮೇಲೆ ಸಿಂಧನೂರಿನಲ್ಲಿ. ಬತ್ತದ ಗದ್ದೆ, ಅಕ್ಕಿಯ ಗಿರಣಿ, ಅಡತಿ ಅಂಗಡಿ, ಇವುಗಳ ಬಲದಿಂದ ಆ ಊರು ಸುತ್ತಣ ಹಳೆಯ ಊರುಗಳನ್ನೆಲ್ಲ ಹಿಂದಕ್ಕೆ ಹಾಕಿ ಬೆಳೆದಿದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯ ನಡುವೆ ಮಸ್ಕಿ ಇದೆ. ಬಹುಕಾಲ ಅದು ಲಿಂಗಸುಗೂರು ತಾಲೂಕಿನ ಒಂದು ಊರಾಗಿಯೇ ಇತ್ತು. ತನ್ನದೇ ತಾಲೂಕೆಂಬ ಮನ್ನಣೆ ದೊರೆತುದು ೨೦೧೭ರಲ್ಲಿ ಘೋಷಿತವಾದ ಹೊಸ ತಾಲೂಕುಗಳ ಪಟ್ಟಿಯಿಂದ. ಅದಿರು, ಆಡಳಿತ, ಅನ್ನ ಇವು ಮೂರು ಬೇರೆ ಬೇರೆ ಊರುಗಳಲ್ಲಿರುವುದನ್ನು ಕಾಣಲು ಒಂದು ಮಧ್ಯಾಹ್ನದ ಬಸ್ಸಿನ ಪ್ರಯಾಣ ಸಾಕು.

ಇನ್ನು ಭೂಶೋಧನೆಯ ಸಾಕ್ಷ್ಯ. ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಸ್ಕಿಯ ಪ್ರಾಚೀನ ನೆಲೆಯನ್ನು ಗುರುತಿಸಿದ್ದರು. ೧೯೫೪ರಲ್ಲಿ ಕೇಂದ್ರದ ಪುರಾತತ್ತ್ವ ಇಲಾಖೆ ಅಲ್ಲಿ ಉತ್ಖನನ ನಡೆಸಿತು, ಬಿ. ಕೆ. ಥಾಪರ್ ಅವರ ವರದಿ ೧೯೫೭ರಲ್ಲಿ ಹೊರಬಂದಿತು. ನವಶಿಲಾ–ತಾಮ್ರಶಿಲಾಯುಗ, ಬೃಹತ್‌ಶಿಲೆಯ ಕಾಲ, ಇತಿಹಾಸದ ಆರಂಭಕಾಲ, ಮಧ್ಯಯುಗ ಎಂದು ನಾಲ್ಕು ಹಂತಗಳು ಸ್ಪಷ್ಟವಾದುವು. ಪ್ರಾಂತ ರಾಜಧಾನಿಯೊಂದನ್ನು ಸಾರಿ ಹೇಳುವ ಕೋಟೆಯಾಗಲಿ ಅರಮನೆಯಾಗಲಿ ಕಾಣಲಿಲ್ಲ. ಅಗೆದ ನೆಲ ಅಲ್ಪವಾದುದರಿಂದ ಈ ಅಭಾವವನ್ನು ನಾವು ಹೆಚ್ಚು ಎತ್ತಿ ಹಿಡಿಯುವುದಿಲ್ಲ. ಆದರೆ ಉತ್ಖನನದಿಂದ ಏನು ತಿಳಿಯಿತೆಂದು ಕೇಳಿದರೆ, ‘ಸುವರ್ಣಗಿರಿಯೆಂದು ಸಿದ್ಧವಾಗಲಿಲ್ಲ’ ಎಂಬ ಉತ್ತರವನ್ನೇ ನಮ್ಮ ಅನೇಕ ಪಠ್ಯಗಳು ಕೊಡುತ್ತವೆ. ಅಶೋಕನಿಗಿಂತ ಎಷ್ಟೋ ಶತಮಾನಗಳ ಹಿಂದಿನಿಂದ ಜನ ಅಲ್ಲಿ ಬಾಳಿದರು, ಸತ್ತವರಿಗೆ ಕಲ್ಲಿನ ಗೋರಿ ಕಟ್ಟಿದರು, ಮಣಿಗಳನ್ನು ಧರಿಸಿದರು ಎಂಬುದು ಉತ್ತರವೆಂದೇ ತೋರುವುದಿಲ್ಲ. ನಾವು ಮೊದಲು ‘ಅನ್ಯಾಯ’ವೆಂದುದು ಇದನ್ನೇ. ರಾಣಿಗಂಜನ್ನು ನೆರೆಯ ನಗರ ನುಂಗಿತು. ಮಸ್ಕಿಯ ಗಣಿಯ ಊರನ್ನು ನುಂಗಿದುದು ಅದರ ನೆತ್ತಿಯ ಮೇಲಿರುವ ಶಾಸನ.

ಗಣಿಯ ಊರಿನ ಸಾಕ್ಷ್ಯವೇನೂ ಕಡಮೆಯಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಟ್ಟಿಯಲ್ಲಿ ಕೆಲಸಮಾಡಿದ ಇಂಜಿನಿಯರುಗಳು ತಾವು ಇಳಿದಲ್ಲೆಲ್ಲ ಹಿಂದಿನವರು ಇಳಿದಿದ್ದುದನ್ನು ಕಂಡರು. ಹಳೆಯ ಗಣಿಯೊಂದು ೬೪೦ ಅಡಿಗಳಷ್ಟು ಆಳಕ್ಕೆ ಹೋಗಿತ್ತು. ಸಿಡಿಮದ್ದಿಲ್ಲದ ಕಾಲದಲ್ಲಿ ಇಷ್ಟು ಆಳವನ್ನು ಸಾಧಿಸಿದ ಬಗೆಯನ್ನು ಒಳಗೆ ದೊರೆತ ಬೂದಿ ಇದ್ದಲುಗಳು ತಿಳಿಸುತ್ತವೆ: ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ, ಬಿರಿಯುವಂತೆ ಮಾಡಿ, ಬಿರಿದುದನ್ನು ಒಡೆದು ತೆಗೆಯುತ್ತಿದ್ದರು. ನೆಲದಡಿಯಲ್ಲಿ ಉರಿಸಿದ ಬೆಂಕಿಯ ಹೊಗೆ ಹೊರಹೋಗಲು ದಾರಿ ಬೇಕು. ಕೆಲಸಕ್ಕೆ ನೀರನ್ನು ಕೆಳಗಿಳಿಸಬೇಕು, ಊಟೆಯ ನೀರನ್ನು ಮೇಲಕ್ಕೆತ್ತಬೇಕು. ಕುಸಿಯದಂತೆ ಮರದ ಆಸರೆ ಕೊಡಬೇಕು. ಅದಿರನ್ನು ಹೊತ್ತು ಮೇಲೆ ತಂದು, ಬಯಲಿನ ಬಂಡೆಗಳಲ್ಲಿ ಒರಳಿನಂಥ ಗುಣಿಗಳನ್ನು ಮಾಡಿಕೊಂಡು, ಗುಂಡುಕಲ್ಲುಗಳಿಂದ ಬೆಣಚುಕಲ್ಲನ್ನು ಜಜ್ಜಿ, ಅರೆದು, ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. ಇದು ಹತ್ತಾರು ಜನರ ಕೆಲಸವಲ್ಲ. ಸೌದೆ ಕಡಿಯುವವರು, ನೀರು ಹೊರುವವರು, ಅರೆಯುವವರು, ಇವರಿಗೆಲ್ಲ ಅನ್ನ ಒದಗಿಸುವವರು, ಹೀಗೆ ಒಂದು ಊರೇ ಬೇಕು. ೧೯೬೨ರಲ್ಲಿ ಆಲ್ಚಿನ್ ಅವರು ಭಾರತದ ಪ್ರಾಚೀನ ಚಿನ್ನದ ಗಣಿಗಾರಿಕೆಯನ್ನು ಕುರಿತು ಬರೆದ ಪ್ರಬಂಧ ಈ ದಿಕ್ಕಿನಲ್ಲಿ ದಾರಿ ತೋರಿತು. ನಮ್ಮಲ್ಲಿ ಅದನ್ನು ಮುಂದುವರಿಸಿದವರು ವಿರಳ.

ಕಾಲದ ವಿಷಯದಲ್ಲಿಯೂ ಈ ಸಾಕ್ಷ್ಯ ಹೇಳುವ ಮಾತು ನಮ್ಮ ಊಹೆಗೆ ಹಿತವಾದುದಲ್ಲ. ಹಟ್ಟಿಯ ಹಳೆಯ ಗಣಿಯಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ತಿಳಿಯಿತು. ಅಂದರೆ ಆಳದ ಗಣಿಯ ಕೆಲಸಕ್ಕೆ ನಮಗೆ ಸಿಕ್ಕ ದೃಢವಾದ ಕಾಲ ಕ್ರಿಸ್ತಶಕದ ಆರಂಭದ ಆಸುಪಾಸಿನದು. ಅಶೋಕನಾದರೋ ಕ್ರಿಸ್ತಪೂರ್ವ ಮೂರನೆಯ ಶತಮಾನದವನು. ಆಳಕ್ಕಿಳಿಯುವ ಮೊದಲು ಮೇಲ್ಪದರವನ್ನು ತಲೆಮಾರುಗಳ ಕಾಲ ಅಗೆದಿರಲೇಬೇಕಾದುದರಿಂದ, ಮೌರ್ಯರ ಕಾಲದಲ್ಲಿಯೂ ಇಲ್ಲಿ ಚಿನ್ನ ತೆಗೆಯುತ್ತಿದ್ದರೆಂದು ನಂಬಲು ಅಡ್ಡಿಯಿಲ್ಲ. ಆದರೆ ‘ನಂಬಲು ಅಡ್ಡಿಯಿಲ್ಲ’ ಎಂಬುದು ‘ಸಾಧಿತವಾಗಿದೆ’ ಎಂಬುದಾಗದು. ಅರಸೊತ್ತಿಗೆ ಉತ್ತರಕ್ಕೆ ಹಿಂದೆಗೆದ ಮೇಲೆಯೂ ಗಣಿ ನಡೆಯಿತೆಂಬುದು ನಿಜವಾದರೆ, ಗಣಿಗಾರರ ಚರಿತ್ರೆಗೆ ಮೌರ್ಯರ ಚರಿತ್ರೆ ಒಂದು ಅಧ್ಯಾಯ ಮಾತ್ರ. ನಾವು ಅದನ್ನು ತಿರುವುಮುರುವಾಗಿ ಬರೆಯುತ್ತಿದ್ದೇವೆ.

ಮಸ್ಕಿಯ ಶಾಸನದ ಒಳಗೂ ಈ ಜನರ ಕಡೆಗೆ ತಿರುಗುವ ಒಂದು ದಾರಿಯಿದೆಯೆಂದು ನಮಗೆ ತೋರುತ್ತದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದಲ್ಲ, ಉದ್ಯಮಶೀಲನಾದ ಸಾಮಾನ್ಯನಿಗೂ ಅದು ಸಾಧ್ಯ ಎಂಬುದು ಅದರ ತಾತ್ಪರ್ಯ. ಈ ಮಾತನ್ನು ಸಾಮ್ರಾಜ್ಯದ ಅನೇಕ ಕಡೆಗಳಲ್ಲಿ ಕೆತ್ತಿಸಿದುದರಿಂದ ಮಸ್ಕಿಯ ಜನರನ್ನೇ ಮನಸ್ಸಿನಲ್ಲಿಟ್ಟು ಬರೆದುದೆಂದು ಹೇಳುವಂತಿಲ್ಲ. ಆದರೆ ಇಲ್ಲಿ ಅದನ್ನು ಓದಿಸಿ ಕೇಳಿದವರು ಯಾರೆಂಬ ಪ್ರಶ್ನೆಯನ್ನು ನಾವು ಕೇಳಬೇಡವೆ? ಅಕ್ಷರವನ್ನು ಬಂಡೆಗೆ ಹತ್ತಿಸಿದವನ ಹೆಸರನ್ನು ಕುರಿತು ನೂರು ವರ್ಷಗಳಿಗೆ ಮೀರಿ ಚರ್ಚಿಸಿದ್ದೇವೆ; ಬಂಡೆಯ ಕೆಳಗೆ ನಿಂತವರನ್ನು ಕುರಿತು ಒಂದು ಪುಟವೂ ನಮ್ಮ ಪಠ್ಯಗಳಲ್ಲಿಲ್ಲ.

‘ಹಟ್ಟಿ’ ಎಂಬ ಹೆಸರಿನ ಕಡೆಗೂ ಒಮ್ಮೆ ನೋಡಬೇಕು. ಕನ್ನಡದಲ್ಲಿ ಹಟ್ಟಿಯೆಂದರೆ ದನಕುರಿಗಳನ್ನು ಕೂಡುವ ಎಡೆ, ಕೆಲವೇ ಮನೆಗಳ ಕೇರಿ. ದೇಶದ ಚಿನ್ನದ ಮುಖ್ಯ ಗಣಿಗೆ ಇರುವ ಹೆಸರು ಇಷ್ಟೇ. ೧೯೪೭ರಲ್ಲಿ ಅಲ್ಲಿ ಗಣಿಯ ಕೆಲಸವನ್ನು ಮತ್ತೆ ಎತ್ತಿಕೊಂಡ ಸಂಸ್ಥೆ ಹೈದರಾಬಾದಿನ ಹೆಸರನ್ನು ಹೊತ್ತಿತ್ತು. ೧೯೫೬ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಟ್ಟಿಯ ಹೆಸರು ಕಂಪನಿಯ ನ���ಮಫಲಕಕ್ಕೆ ಬಂದಿತು. ಚಿನ್ನ ತೆಗೆಯುವವರು ತಮ್ಮ ಊರನ್ನು ‘ಚಿನ್ನದ ಬೆಟ್ಟ’ವೆಂದು ಕರೆದುಕೊಳ್ಳಲಿಲ್ಲ. ಅಂಥ ಹೆಸರುಗಳು ಸಾಮಾನ್ಯವಾಗಿ ದೂರದಿಂದ, ಚಿನ್ನವನ್ನು ಎಣಿಸುವವರ ಬಾಯಿಂದ ಬರುತ್ತವೆ. ಸುವರ್ಣಗಿರಿ ಎಂಬ ಸಂಸ್ಕೃತದ ಹೆಸರೂ ಪಾಟಲಿಪುತ್ರದ ಕಡೆಯಿಂದ ಇಟ್ಟ ಹೆಸರಾಗಿರಬಹುದೇ ಎಂಬ ಶಂಕೆಗೆ ಎಡೆಯಿದೆ. ಹಾಗಾದರೆ ನೆಲದವರ ಬಾಯಲ್ಲಿ ಅದಕ್ಕೆ ಸಾದೃಶ್ಯವನ್ನು ಹುಡುಕುವ ಕೆಲಸವೇ ವ್ಯರ್ಥವಾಗುತ್ತದೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಬಿನ್ನಹವಿದೆ. ಶಾಸನದ ಬಂಡೆಯನ್ನು ಪುರಾತತ್ತ್ವ ಇಲಾಖೆ ಕಾಯುತ್ತಿದೆ. ವಿದ್ಯಾರ್ಥಿಗಳನ್ನು ಪ್ರವಾಸದಲ್ಲಿ ಅಲ್ಲಿಗೆ ಕರೆದೊಯ್ಯುವ ವಾಡಿಕೆಯೂ ಇದೆ. ಅದೇ ದಿನ ಇನ್ನೆರಡು ಗಂಟೆಗಳನ್ನು ಬಂಡೆಗಳಲ್ಲಿನ ಅರೆಯುವ ಗುಣಿಗಳಿಗಾಗಿ ತೆಗೆದಿಡಬೇಕು. ಗುಣಿಗಳು ಎಲ್ಲೆಲ್ಲಿವೆ, ಒಂದೆಡೆ ಎಷ್ಟಿವೆ, ಅವುಗಳ ಅಗಲ ಆಳಗಳೇನು, ಸಮೀಪದಲ್ಲಿ ನೀರು ಎಲ್ಲಿತ್ತು, ಹಳೆಯ ಮಡಕೆಯ ಚೂರುಗಳು ಯಾವ ಬಗೆಯವು, ಇಷ್ಟನ್ನು ಒಂದು ನಕಾಶೆಯಲ್ಲಿ ಗುರುತಿಸಲು ಅಳತೆಯ ಪಟ್ಟಿಯೂ ತಾಳ್ಮೆಯೂ ಸಾಕು. ಉಳುಮೆ, ರಸ್ತೆ, ಕಲ್ಲುಗಣಿಗಳ ಕೆಲಸದಲ್ಲಿ ಇಂಥ ಬಂಡೆಗಳು ದಿನದಿನಕ್ಕೆ ಕಣ್ಮರೆಯಾಗುವ ಸಂಭವವಿರುವುದರಿಂದ ತಡಮಾಡುವಂತಿಲ್ಲ. ಹಟ್ಟಿಯ ಗಣಿಕಾರ್ಮಿಕರ ಆಡುಮಾತಿನಲ್ಲಿ ಬಂಡೆ, ಪದರ, ಊಟೆ, ಆಸರೆಗಳಿಗಿರುವ ಮಾತುಗಳನ್ನೂ ಕೂಡಿಸಬೇಕು. ಜೊನ್ನಗಿರಿಯ ಹಳೆಯ ಗಣಿಗಳ ಬಳಿಯೂ ಇದೇ ಬಗೆಯ ಗುಣಿಗಳಿವೆಯೇ ಎಂದು ಕರ್ನೂಲಿನ ಕಡೆಯ ಅಭ್ಯಾಸಿಗಳನ್ನು ವಿಚಾರಿಸಬೇಕು. ಅದುವರೆಗೆ ತರಗತಿಯ ಕಪ್ಪುಹಲಗೆಯ ಮೇಲೆ ಸುವರ್ಣಗಿರಿಯನ್ನು ಬರೆಯುವಾಗ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆಯಿರಲಿ. ಮಸ್ಕಿಯ ಮುಂದೆ ‘ಗಣಿಯ ಊರು’ ಎಂದು ಬರೆಯಲು ಯಾವ ಚಿಹ್ನೆಯ ಅಗತ್ಯವೂ ಇಲ್ಲ.